ಮಿಕುಲ್ಚಿತ್ಸೆಯಲ್ಲಿ ನೋಡುವುದಕ್ಕೆ ಏನಿದೆ? ಗೋಡೆಯಿಲ್ಲದ ರಾಜಧಾನಿಯನ್ನು ಓದುವ ಬಗೆ

ಪ್ರಶ್ನೆ: ಚೆಕ್ ಗಣರಾಜ್ಯದ ಬ್ರನೋದಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿಂದ ದಕ್ಷಿಣಕ್ಕೆ ಮಿಕುಲ್ಚಿತ್ಸೆ ಎಂಬ ಹಳ್ಳಿಯ ಹತ್ತಿರ 9ನೇ ಶತಮಾನದ ರಾಜಧಾನಿಯೊಂದು ಇತ್ತು ಎಂದು ಓದಿದೆ. ಹೋಗಿಬಂದ ಸಹೋದ್ಯೋಗಿಯೊಬ್ಬರು ‘ಹುಲ್ಲು, ನಾಲ್ಕು ಕಲ್ಲು, ವಿಪರೀತ ಸೊಳ್ಳೆ, ಅಷ್ಟೇ’ ಎಂದರು. ಊರಿನಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ, ಅಮ್ಮನಿಗೆ ಮಂಡಿ ನೋವು. ಮಗಳಿಗೆ 12 ವರ್ಷ. ಹೋಗಬಹುದೇ? ಹೋದರೆ ಏನನ್ನು, ಹೇಗೆ ನೋಡಬೇಕು? ಸಿರಿಲ್ ಮತ್ತು ಮೆಥೋಡಿಯಸ್ ಸಂತರು ಸ್ಲಾವ್ ಲಿಪಿಯನ್ನು ಕಲಿಸಿದ್ದು ಅಲ್ಲೇ ಎನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಸುಳ್ಳಿಲ್ಲ. ಸೊಳ್ಳೆಯ ಮಾತಂತೂ ಪೂರ್ತಿ ನಿಜ. ಆದರೆ ಅವರು ಕಂಡ ‘ನಾಲ್ಕು ಕಲ್ಲು’ 9ನೇ ಶತಮಾನದ್ದಲ್ಲ. ಬಯಲಿನಲ್ಲಿ ಚರ್ಚುಗಳ ಆಕಾರ ತೋರಿಸುವ ಕಲ್ಲಿನ ಸಾಲುಗಳನ್ನು ನಮ್ಮ ಕಾಲದಲ್ಲಿ ಜೋಡಿಸಿದ್ದು. ಉತ್ಖನನ ಮುಗಿದ ಮೇಲೆ ನಿಜವಾದ ಪಾಯವನ್ನು ಮಣ್ಣಿನಿಂದ ಮುಚ್ಚಿ, ಅದರ ನೇರಕ್ಕೆ ಮೇಲ್ಗಡೆ ಗುರುತು ಹಾಕಿದ್ದಾರೆ. ಅಂದರೆ ನೀವು ಅಲ್ಲಿ ಕಾಣುವುದು ಅಸಲು ಅಳತೆಯಲ್ಲಿ, ಅಸಲು ಜಾಗದಲ್ಲೇ ಬರೆದಿಟ್ಟ ನಕ್ಷೆ. ನಕ್ಷೆ ಓದಲು ಬಂದವರಿಗೆ ಮಧ್ಯ ಯುರೋಪಿನಲ್ಲಿ ಆ ಕಾಲದ ಇಂಥ ಜಾಗ ಇನ್ನೊಂದು ಸಿಗುವುದು ಕಷ್ಟ. ಹಾಳುಕೋಟೆಯನ್ನು ಹುಡುಕಿಕೊಂಡು ಬಂದವರು ಬೇಸರಪಟ್ಟು ಹಿಂದಿರುಗುತ್ತಾರೆ. ಆದ್ದರಿಂದ ಹೋಗಿ, ಆದರೆ ಓದುವುದನ್ನು ಕಲಿತು ಹೋಗಿ.

ಮೊದಲು ಜಾಗದ ಗೊಂದಲ ಬಿಡಿಸಿಕೊಳ್ಳಿ

ಮಿಕುಲ್ಚಿತ್ಸೆ ದಕ್ಷಿಣ ಮೊರಾವಿಯಾದ ಹೊದೊನೀನ್ ಜಿಲ್ಲೆಯ ಹಳ್ಳಿ, ಜನಸಂಖ್ಯೆ ಸುಮಾರು ಎರಡು ಸಾವಿರ. ಪ್ರಾಚೀನ ನೆಲೆ ಇರುವುದು ಹಳ್ಳಿಯಲ್ಲಲ್ಲ, ಅದರಿಂದ ಆಗ್ನೇಯಕ್ಕೆ ಸುಮಾರು 3 ಕಿ.ಮೀ. ದೂರದಲ್ಲಿ, ಮೊರಾವಾ ನದಿಯ ನೆರೆಬಯಲಿನಲ್ಲಿ. ನದಿಯ ಆಚೆ ದಡ ಸ್ಲೊವಾಕಿಯಾ. ಫೋನಿನ ನಕ್ಷೆಯಲ್ಲಿ ಹಳ್ಳಿಯ ಹೆಸರನ್ನಷ್ಟೇ ಕೊಟ್ಟರೆ ಅದು ಊರ ನಡುವೆ ತಂದು ನಿಲ್ಲಿಸುತ್ತದೆ. ಬಸ್ಸಿನಲ್ಲಿ ಬಂದವರು ಅಲ್ಲಿಂದ ನಡೆಯತೊಡಗಿ ಅರ್ಧ ದಾರಿಯಲ್ಲೇ ಸುಸ್ತಾಗುವುದುಂಟು. ಗಮ್ಯವನ್ನು ‘ಮಿಕುಲ್ಚಿತ್ಸೆ ವಲಿ’ ಎಂದು ಹುಡುಕಿ. ದಾರಿಯ ಫಲಕಗಳಲ್ಲಿ ‘ಸ್ಲೊವಾನ್ಸ್ಕೆ ಹ್ರದಿಶ್ತ್ಯೆ’ ಎಂದಿರುತ್ತದೆ, ಸ್ಲಾವರ ಕೋಟೆನೆಲೆ ಎಂದರ್ಥ. ಸ್ಥಳದ ಉಸ್ತುವಾರಿ ಹೊದೊನೀನಿನ ಮಸಾರಿಕ್ ವಸ್ತುಸಂಗ್ರಹಾಲಯದ್ದು. ಸಂಶೋಧನೆ ಚೆಕ್ ವಿಜ್ಞಾನ ಅಕಾಡೆಮಿಗೆ ಸೇರಿದ ಬ್ರನೋದ ಪುರಾತತ್ವ ಸಂಸ್ಥೆಯದು.

ಚರಿತ್ರೆ ಎಷ್ಟು ಬೇಕೋ ಅಷ್ಟು: ಇಲ್ಲಿ ಸ್ಲಾವರು 6-7ನೇ ಶತಮಾನದ ಹೊತ್ತಿಗೇ ನೆಲೆಸಿದ್ದರು. 8ನೇ ಶತಮಾನದಲ್ಲಿ ಕುದುರೆ ಸವಾರ ಯೋಧರ ಬಲವಾದ ನೆಲೆಯೊಂದು ಬೆಳೆಯಿತು. ಆ ಕಾಲದ ಕಂಚಿನ ಹಿಮ್ಮಡಿ ಮುಳ್ಳುಗಳು, ಅಂದರೆ ಕುದುರೆಯನ್ನು ತಿವಿದು ಓಡಿಸಲು ಸವಾರ ಹಿಮ್ಮಡಿಗೆ ಕಟ್ಟಿಕೊಳ್ಳುತ್ತಿದ್ದವು, ಇಲ್ಲಿ ಸಿಕ್ಕಿವೆ. ಸುಮಾರು 833ರಲ್ಲಿ ಮೊದಲನೆಯ ಮೊಯ್‌ಮೀರ್ ಎಂಬ ಮೊರಾವಿಯಾದ ಅರಸ ಈಗಿನ ಸ್ಲೊವಾಕಿಯಾದ ನಿತ್ರಾವನ್ನು ಆಳುತ್ತಿದ್ದ ಪ್ರಿಬಿನಾನನ್ನು ಓಡಿಸಿ ಎರಡೂ ಸೀಮೆಗಳನ್ನು ಒಂದು ಮಾಡಿದ. ಮಹಾ ಮೊರಾವಿಯಾ ಎಂದು ಕರೆಯುವ ರಾಜ್ಯ ಅದು. ಆಮೇಲೆ 846ರಿಂದ 870ರವರೆಗೆ ರಾಸ್ತಿಸ್ಲಾವ್, 871ರಿಂದ 894ರವರೆಗೆ ಸ್ವಾತೊಪ್ಲುಕ್. ನಮ್ಮ ಲೆಕ್ಕಕ್ಕೆ ಹೇಳುವುದಾದರೆ, ರಾಸ್ತಿಸ್ಲಾವ್ ಆಳಿದ ವರ್ಷಗಳಲ್ಲಿ ಇತ್ತ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗನಿದ್ದ. ಅಪ್ಪ-ಅಮ್ಮನಿಗೆ ಕಾಲ ಹೊಳೆಯಿಸಲು ಇಷ್ಟು ಸಾಕು. ಸ್ವಾತೊಪ್ಲುಕ್ ಸತ್ತ ಮೇಲೆ ಮಕ್ಕಳೊಳಗೆ ಜಗಳ ಹತ್ತಿತು, ಮಗ್ಯಾರರ (ಇಂದಿನ ಹಂಗೇರಿಯವರ ಪೂರ್ವಜರ) ದಾಳಿಯೂ ಬಂತು. 10ನೇ ಶತಮಾನದ ಮೊದಲ ದಶಕದಲ್ಲಿ ರಾಜ್ಯ ಕುಸಿಯಿತು. ಜನ ಒಮ್ಮೆಲೇ ಬಿಟ್ಟು ಹೋಗಲಿಲ್ಲ, ಸಣ್ಣ ಪ್ರಮಾಣದಲ್ಲಿ ವಾಸ ಮುಂದುವರಿಯಿತು. ನಗರವಾಗಿ ಮಾತ್ರ ಅದು ಮತ್ತೆ ಏಳಲಿಲ್ಲ. ಪುರಾತತ್ವದವರಿಗೆ ಇದೇ ಅದೃಷ್ಟ: ಮೇಲೆ ಹೊಸ ಊರು ಕಟ್ಟದೆ ಉಳಿದ ರಾಜಧಾನಿಗಳು ಬಹಳ ಕಡಿಮೆ.

ಗೋಡೆಗಳು ಎಲ್ಲಿಗೆ ಹೋದವು?

ನೆರೆಬಯಲಿನ ನೆಲದಲ್ಲಿ ಇರುವುದು ಜೇಡಿ, ಮರಳು, ಗರಸು ಮಾತ್ರ. ಕಟ್ಟಡಕ್ಕೆ ಬೇಕಾದ ಮರಳುಗಲ್ಲನ್ನು ಹೊರಗಿನ ಗುಡ್ಡಗಳಿಂದ ಸಾಗಿಸಿ ತರಬೇಕಿತ್ತು. ಆದ್ದರಿಂದ ಕಲ್ಲನ್ನು ಮಿತವಾಗಿ ಬಳಸಿದರು: ಚರ್ಚುಗಳಿಗೆ, ಅರಮನೆಯೆಂದು ಗುರುತಿಸಿರುವ ಸುಮಾರು 26 ಮೀಟರ್ ಉದ್ದದ ಕಟ್ಟಡಕ್ಕೆ, ಕೋಟೆಗೋಡೆಯ ಮುಂಮೈಗೆ. ಸಾಮಾನ್ಯರ ಮನೆಗಳೆಲ್ಲ ಮರದ ದಿಮ್ಮಿಯವು. ನೆಲಕ್ಕೆ ಮರಳನ್ನೋ ಮಣ್ಣನ್ನೋ ಹಾಸಿ ಅದರ ಮೇಲೆ ವಾಸ. ಆ ಮನೆಗಳಿಂದ ಇಂದಿಗೆ ಉಳಿದಿರುವುದು ಆಯತಾಕಾರದ ತೆಳು ಮರಳು ಪದರ ಮತ್ತು ಒಲೆಯ ಸುಟ್ಟ ಮಣ್ಣು.

ಕಲ್ಲೇ ಸಿಗದ ಬಯಲಿನಲ್ಲಿ ಒಡೆಯರಿಲ್ಲದ ಕಲ್ಲಿನ ಗೋಡೆ ಬಹಳ ಕಾಲ ನಿಲ್ಲುವುದಿಲ್ಲ. ಮುಂದಿನ ಶತಮಾನಗಳಲ್ಲಿ ಸುತ್ತಲಿನವರು ಪಾಯದ ತಳದವರೆಗೂ ಅಗೆದು ಕಲ್ಲನ್ನು ಒಯ್ದರು. ಆಮೇಲೆ ನದಿಯ ಸರದಿ. ನದಿಯ ಮೇಲ್ಭಾಗದಲ್ಲಿ ಕಾಡು ಕಡಿದು ಹೊಲ ಮಾಡಿದಂತೆಲ್ಲ ಪ್ರವಾಹದಲ್ಲಿ ಕೊಚ್ಚಿ ಬರುವ ಮಣ್ಣು ಹೆಚ್ಚಿತು. 9ನೇ ಶತಮಾನದಲ್ಲಿ ಈ ಬಯಲು ಈಗಿನಷ್ಟು ತೇವದ್ದಾಗಿರಲಿಲ್ಲ. ಆಗಿದ್ದ ನೆಲದ ಏರುತಗ್ಗುಗಳ ಮೇಲೆ ಮೆಕ್ಕಲು ಕೂತು ಎಲ್ಲವೂ ಸಮತಟ್ಟಾಯಿತು. ನಿಮ್ಮ ಸಹೋದ್ಯೋಗಿಗೆ ‘ಬರೀ ಹುಲ್ಲು’ ಎನಿಸಿದ್ದಕ್ಕೆ ಈ ಮೆಕ್ಕಲು ಕಾರಣ. ಅಂದು ಅದು ದ್ವೀಪಗಳ ಊರು. ನದಿಯ ಕವಲುಗಳ ನಡುವೆ ಎದ್ದು ನಿಂತ ಮರಳುದಿಣ್ಣೆಗಳ ಮೇಲೆ ಊರು, ಕವಲುಗಳೇ ಕಂದಕ, ದಾಟಲು ಮರದ ಸೇತುವೆ.

ಕಲ್ಲಿಲ್ಲದ ಚರ್ಚನ್ನು ಪತ್ತೆ ಮಾಡಿದ್ದು ಹೇಗೆ?

ಈ ವಿಚಾರ ಹೋಗುವ ಮೊದಲೇ ಗೊತ್ತಿದ್ದರೆ ಇಡೀ ಜಾಗ ಬೇರೆಯಾಗಿ ಕಾಣುತ್ತದೆ. ಯೋಸೆಫ್ ಪೌಲೀಕ್ ಅವರ ನೇತೃತ್ವದಲ್ಲಿ ಇಲ್ಲಿ ಅಗೆತ ಶುರುವಾದದ್ದು 1954ರಲ್ಲಿ. ಮೇಲ್ಮಣ್ಣು ತೆಗೆದಾಗ ಗೋಡೆ ಸಿಗಲಿಲ್ಲ, ಗೋಡೆಯ ಅಚ್ಚು ಸಿಕ್ಕಿತು. ಕಲ್ಲು ಕಳ್ಳರು ಒಳ್ಳೆಯ ಕಲ್ಲನ್ನು ಎತ್ತಿಕೊಂಡರೂ ಸುಣ್ಣದ ಗಾರೆಯ ಪುಡಿ, ಒಡಕು ಚೂರು, ಬಣ್ಣ ಬಳಿದ ಗಿಲಾವಿನ ತುಣುಕುಗಳನ್ನು ಅದೇ ಗುಂಡಿಗೆ ತಳ್ಳಿ ಹೋಗುತ್ತಾರೆ. ಕಂದು ಮಣ್ಣಿನ ನಡುವೆ ಬಿಳಿಚಿದ ಪಟ್ಟಿಯೊಂದು ನೇರವಾಗಿ ಓಡಿ, ಮೂಲೆಯಲ್ಲಿ ತಿರುಗಿ, ಕೊನೆಯಲ್ಲಿ ಅರ್ಧವೃತ್ತವಾಗಿ ಬಾಗಿದರೆ ಅದು ಚರ್ಚು.

ಪಟ್ಟಿಯೂ ಅಳಿಸಿಹೋದ ಕಡೆ ಗೋರಿಗಳೇ ಸಾಕ್ಷಿ. ಗೋಡೆ ನಿಂತಿರುವಾಗ ಅದರ ಕೆಳಗೆ ಯಾರೂ ಹೆಣ ಹೂಳುವುದಿಲ್ಲ, ಗೋಡೆಗೆ ಸಮಾನಾಂತರವಾಗಿ ಪಕ್ಕದಲ್ಲಿ ಹೂಳುತ್ತಾರೆ. ಆದ್ದರಿಂದ ಒತ್ತೊತ್ತಾಗಿ ಗೋರಿಗಳಿರುವ ಜಾಗದಲ್ಲಿ ಗೋರಿಯೇ ಇಲ್ಲದ ಆಯತ ಕಂಡರೆ ಅಲ್ಲಿ ಕಟ್ಟಡವಿತ್ತೆಂದು ತಿಳಿಯಬೇಕು. ಒಂದು ಗೋರಿ ಇನ್ನೊಂದನ್ನು ಕತ್ತರಿಸಿದ್ದರೆ ಕತ್ತರಿಸಿದ್ದು ಈಚಿನದು. ಗೋರಿಯೊಂದು ಗೋಡೆಯ ಪಾಯವನ್ನೇ ಕೊರೆದಿದ್ದರೆ ಆ ಹೊತ್ತಿಗೆ ಚರ್ಚು ಬಿದ್ದುಹೋಗಿತ್ತು. ಹೀಗೆ ಹಿಂದುಮುಂದುಗಳ ಸರಣಿ ಕಟ್ಟುತ್ತಾರೆ.

ಕೋಟೆಗೋಡೆಯದು ಇನ್ನೊಂದು ಬಗೆ. ಹೊರಗಡೆಗೆ ಕಲ್ಲಿನ ಮೈ, ಅದರ ಹಿಂದೆ ಮರದ ಚೌಕಟ್ಟಿನೊಳಗೆ ತುಂಬಿದ ಮಣ್ಣಿನ ದಪ್ಪ ಒಡಲು. ಮರ ಕೊಳೆತರೆ ಮಣ್ಣು ಜಾರುತ್ತದೆ, ಕಲ್ಲಿನ ಮೈ ಹೊರಗೆ ಉರುಳುತ್ತದೆ. ಇವತ್ತು ಉಳಿದಿರುವುದು ಅಗಲವಾದ, ತಗ್ಗಾದ ದಿಣ್ಣೆ. ನೀವು ಅದನ್ನು ಹತ್ತಿ ಇಳಿದರೂ ಗೊತ್ತಾಗದೇ ಹೋಗಬಹುದು.

ನೋಡುವ ಕ್ರಮ

ಒಳಗೋಟೆಯ ವಿಸ್ತೀರ್ಣ ಸುಮಾರು 7.7 ಹೆಕ್ಟೇರ್, ಅದಕ್ಕೆ ಅಂಟಿಕೊಂಡ ಹೊರಗೋಟೆ ಸುಮಾರು 2.4 ಹೆಕ್ಟೇರ್. ಎರಡೂ ಸೇರಿದರೆ ನಮ್ಮ ಲೆಕ್ಕದಲ್ಲಿ 25 ಎಕರೆ. ಕೋಟೆಯ ಹೊರಗಿನ ಪೇಟೆ-ಕೇರಿಗಳು ಇನ್ನೂ ದೂರ ಹರಡಿದ್ದವು. ಒಟ್ಟು ಹತ್ತಕ್ಕೂ ಹೆಚ್ಚು ಚರ್ಚುಗಳನ್ನು ಗುರುತಿಸಿದ್ದಾರೆ, ಗೋರಿಗಳು ಸುಮಾರು 2,500. ಚರ್ಚುಗಳಿಗೆ ಸಂತರ ಹೆಸರು ಹುಡುಕಬೇಡಿ. ಮೂಲ ಹೆಸರು ಉಳಿದಿಲ್ಲವಾದ್ದರಿಂದ ಪುರಾತತ್ವದವರು ಕೊಟ್ಟ ಸಂಖ್ಯೆಗಳೇ ಹೆಸರು.

ಬಯಲಿಗೆ ನುಗ್ಗುವ ಮೊದಲು ಎರಡನೆಯ ಚರ್ಚಿನ ಮೇಲೆ ಕಟ್ಟಿರುವ ಮಂಟಪದೊಳಗೆ ಹೋಗಿ. ಸೂರಿನಡಿ ಚರ್ಚಿನ ಪಾಯ ಮತ್ತು ಅದರ ಸ್ಮಶಾನವನ್ನು ತೋರಿಸಿದ್ದಾರೆ. ಮಗಳಿಗೆ ಇಲ್ಲಿ ಒಂದು ಕೆಲಸ ಕೊಡಿ: ಅಸ್ಥಿಪಂಜರಗಳ ತಲೆ ಯಾವ ದಿಕ್ಕಿಗಿದೆ ನೋಡಲಿ. ಕ್ರೈಸ್ತ ಪದ್ಧತಿಯಂತೆ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಆದರೆ ಗೋರಿಗಳಲ್ಲಿ ಚಾಕು, ಒಡವೆ, ಆಯುಧಗಳೂ ಸಿಕ್ಕಿವೆ. ಧರ್ಮ ಹೊಸದು, ಸತ್ತವರ ಜೊತೆ ವಸ್ತು ಇಡುವ ರೂಢಿ ಹಳೆಯದು, ಎರಡೂ ಒಂದೇ ಗುಂಡಿಯಲ್ಲಿ.

ಅಲ್ಲಿಂದ ಮೂರನೆಯ ಚರ್ಚಿಗೆ ನಡೆಯಿರಿ. ಸಮಯ ಕಮ್ಮಿಯಿದ್ದರೆ ಇದೊಂದನ್ನು ನೋಡಿದರೂ ಬಂದದ್ದಕ್ಕೆ ಸಾರ್ಥಕ. ಮೂರು ಪಡಸಾಲೆಗಳ ಬೆಸಿಲಿಕಾ ಇದು. ಉದ್ದ ಸುಮಾರು 35 ಮೀಟರ್, ಮಹಾ ಮೊರಾವಿಯಾದಲ್ಲಿ ಇದುವರೆಗೆ ಸಿಕ್ಕಿರುವ ಚರ್ಚುಗಳಲ್ಲೇ ದೊಡ್ಡದು. ಪಶ್ಚಿಮದ ತುದಿಯಲ್ಲಿ ನಿಂತು ಪೂರ್ವಕ್ಕೆ ಹೆಜ್ಜೆ ಹಾಕಿ. ಸಾಧಾರಣ ಹೆಜ್ಜೆ 70 ಸೆಂಟಿಮೀಟರ್ ಎಂದಿಟ್ಟುಕೊಂಡರೆ 50 ಹೆಜ್ಜೆ. ಮೊದಲು ತೆರೆದ ಅಂಗಳ, ಆಮೇಲೆ ಮುಖಮಂಟಪ, ನಂತರ ಕಂಬಸಾಲುಗಳಿಂದ ಮೂರು ಭಾಗವಾದ ಪಡಸಾಲೆ, ಕೊನೆಗೆ ಅರ್ಧವೃತ್ತದ ಗರ್ಭಭಾಗ. ಎಲ್ಲಿ ದಾಟುತ್ತಿದ್ದೀರಿ ಎಂದು ನಿಂತು ನಿಂತು ನೋಡಿ. ಇದರ ಸುತ್ತ ಐನೂರಕ್ಕೂ ಹೆಚ್ಚು ಗೋರಿಗಳಿದ್ದವು. ಕಟ್ಟಡದೊಳಗೇ ಹೂಳಿಸಿಕೊಳ್ಳುವ ಯೋಗ್ಯತೆ ಇದ್ದವರು ಬಹಳ ಕಡಿಮೆ. ಒಬ್ಬ ಮನುಷ್ಯ ಪೂಜಾವೇದಿಕೆಗೆ ಎಷ್ಟು ಹತ್ತಿರ ಮಲಗಿದ್ದಾನೆ ಎನ್ನುವುದೇ ಅವನ ಅಂತಸ್ತಿನ ಅಳತೆ.

ಇಲ್ಲಿನ ಒಂದು ಗೋರಿಯಲ್ಲಿ ಬೈಜಾಂಟೈನ್ (ಅಂದರೆ ಪೂರ್ವ ರೋಮನ್) ಚಕ್ರವರ್ತಿ ಮೂರನೆಯ ಮಿಖಾಯಿಲನ ಚಿನ್ನದ ನಾಣ್ಯ ಸಿಕ್ಕಿತು. ಅವನು ಪಟ್ಟದಲ್ಲಿದ್ದದ್ದು 842ರಿಂದ 867. ನಾಣ್ಯದಿಂದ ಕಾಲ ಹೇಳುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ‘ಗೋರಿ 842-867ರದು’ ಎಂದು ಹೇಳುವಂತಿಲ್ಲ. ‘842ಕ್ಕಿಂತ ಹಿಂದಿನದಲ್ಲ’ ಎಂದಷ್ಟೇ ಹೇಳಬಹುದು. ಚಿನ್ನದ ನಾಣ್ಯ ಎರಡು ತಲೆಮಾರು ಪೆಟ್ಟಿಗೆಯಲ್ಲಿ ಉಳಿದು ಆಮೇಲೆ ಮಣ್ಣಿಗೆ ಸೇರಿರಬಹುದು. ಮೊರಾವಿಯಾದವರು ಸ್ವಂತ ನಾಣ್ಯ ಹೊಡೆಸಲೇ ಇಲ್ಲ. ಕೊಡಲಿ ಆಕಾರದ ಕಬ್ಬಿಣದ ಪಟ್ಟಿಗಳು ಅಲ್ಲಿ ಬೆಲೆಯ ಅಳತೆಯಾಗಿದ್ದವು. ಪ್ರದರ್ಶನದಲ್ಲಿ ಅಂಥ ಉದ್ದನೆಯ ಪಟ್ಟಿ ಕಂಡರೆ ಮುರಿದ ಹತ್ಯಾರ ಎಂದುಕೊಂಡು ಮುಂದೆ ಹೋಗಬೇಡಿ.

ಉಳಿದ ಚರ್ಚುಗಳನ್ನು ಆಕಾರದ ದೃಷ್ಟಿಯಿಂದ ನೋಡಿ. ಆರನೆಯದು ಎರಡೂ ಕಡೆ ಅರ್ಧವೃತ್ತ ಚಾಚಿದ ವರ್ತುಲ. ಒಂಬತ್ತನೆಯದು ಒಳಗೋಡೆಯಲ್ಲಿ ನಾಲ್ಕು ಗೂಡುಗಳಿರುವ ವರ್ತುಲ. ಇನ್ನು ಕೆಲವು ಒಂದೇ ಪಡಸಾಲೆಯ ಉದ್ದ ಕಟ್ಟಡಗಳು. ಒಂದೇ ಊರಿನಲ್ಲಿ ಇಷ್ಟು ಬಗೆಯ ನಕ್ಷೆ ಏಕೆ ಎಂಬ ವಾದ ಇನ್ನೂ ಮುಗಿದಿಲ್ಲ. ಬವೇರಿಯಾ, ಏಡ್ರಿಯಾಟಿಕ್ ಕರಾವಳಿ, ಬೈಜಾಂಟಿಯಂ ಮೂರೂ ಕಡೆಯಿಂದ ಪಾದ್ರಿಗಳು ಬಂದಿದ್ದರು, ಅವರವರ ಜೊತೆ ಅವರವರ ನಕ್ಷೆ ಬಂತು ಎಂಬುದು ಒಂದು ವಿವರಣೆ. ಅದನ್ನು ಚರ್ಚಿನಿಂದ ಚರ್ಚಿಗೆ ಬೆರಳಿಟ್ಟು ತೋರಿಸುವುದು ಸುಲಭವಲ್ಲ, ಗೈಡ್ ಯಾರಾದರೂ ‘ಇದು ಬೈಜಾಂಟೈನ್, ಇದು ಬವೇರಿಯನ್’ ಎಂದು ಖಂಡಿತವಾಗಿ ಹೇಳಿದರೆ ಅರ್ಧ ನಂಬಿ.

ಕೋಟೆಯ ಅಂಚಿನಲ್ಲಿ ನೆಲ ಮೆಲ್ಲನೆ ತಗ್ಗಾಗಿ ಹಸಿರು ಬಣ್ಣ ಬದಲಾಗುವುದನ್ನು ಗಮನಿಸಿ. ಅದು ಬತ್ತಿದ ನದಿಕವಲು. ಅಲ್ಲಿ ಮರದ ಸೇತುವೆಗಳ ಕಂಬಗಳು, ಒಂದೇ ಓಕ್ ದಿಮ್ಮಿಯನ್ನು ಕೊರೆದು ಮಾಡಿದ ದೋಣಿಗಳು ಸಿಕ್ಕಿವೆ. ನೀರು ನಿಂತ ಕೆಸರಿಗೆ ಗಾಳಿ ಹೋಗದ ಕಾರಣ ಮರ ಸಾವಿರ ವರ್ಷ ಕೊಳೆಯದೆ ಉಳಿಯಿತು. ನದಿಯನ್ನು ನೇರ ಮಾಡಿ ಒಡ್ಡು ಹಾಕಿದ ಮೇಲೆ ಅಂತರ್ಜಲ ಇಳಿದು, ಇನ್ನೂ ಅಗೆಯದೆ ಬಿಟ್ಟ ಕಡೆಯ ಮರಕ್ಕೆ ಈಗ ಗಾಳಿ ತಾಗುವ ಅಪಾಯವಿದೆ. ಅಗೆಯದೆ ಬಿಟ್ಟರೆ ಸುರಕ್ಷಿತ ಎಂಬ ಸಾಮಾನ್ಯ ನಿಯಮ ಇಲ್ಲಿ ಪೂರ್ತಿ ನಡೆಯುವುದಿಲ್ಲ.

ದಿಣ್ಣೆ-ತಗ್ಗು ಕಾಣಬೇಕಾದರೆ ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ಓರೆ ಬಿಸಿಲಿನಲ್ಲಿ ಅರ್ಧ ಮೀಟರ್ ಏರು ಕೂಡ ನೆರಳು ಚೆಲ್ಲುತ್ತದೆ, ನಡುಮಧ್ಯಾಹ್ನ ಅದೇ ಜಾಗ ಚಪ್ಪಟೆ. ಜೂನ್-ಜುಲೈಯಲ್ಲಿ ಹುಲ್ಲು ಎದ್ದಿದ್ದರೆ ಸಣ್ಣ ಏರುಗಳು ಮುಚ್ಚಿಹೋಗುತ್ತವೆ.

ಒಡವೆ ಮತ್ತು ಕತ್ತಿ

ಪ್ರದರ್ಶನದಲ್ಲಿ ಮೊದಲು ಹುಡುಕಬೇಕಾದ್ದು ‘ಗೊಂಬೀಕ್’ ಎಂಬ ಟೊಳ್ಳು ಗುಂಡುಗಳು. ಉಡುಪಿನ ಕುತ್ತಿಗೆಯ ಹತ್ತಿರ ಜೋಡಿಯಾಗಿ ಧರಿಸುತ್ತಿದ್ದ ಗುಂಡಿಗಳಿವು. ತೆಳು ತಗಡನ್ನು ಎರಡು ಅರೆಗೋಳವಾಗಿ ಬಡಿದು, ಬೆಸೆದು, ತಲೆಗೆ ಕೊಕ್ಕೆ ಕೂಡಿಸುತ್ತಾರೆ. ಮೇಲೆ ಎಲೆಬಳ್ಳಿಯ ಉಬ್ಬುಚಿತ್ರ. ಹಿನ್ನೆಲೆಯನ್ನು ಸಣ್ಣ ಉಂಗುರದ ಉಳಿಯಿಂದ ಒತ್ತೊತ್ತಾಗಿ ಗುದ್ದಿ ತುಂಬಿಸುತ್ತಾರೆ. ತಾಮ್ರದ ತಗಡಾದರೆ ಪಾದರಸದಲ್ಲಿ ಕರಗಿಸಿದ ಚಿನ್ನ ಬಳಿದು, ಕಾಯಿಸಿ, ಪಾದರಸ ಹಾರಿಸಿ ಹೊಳಪು ಕೊಡುತ್ತಿದ್ದರು. ಕಿವಿಯೋಲೆಗಳಲ್ಲಿ ಸಾಸಿವೆಗಿಂತ ಸಣ್ಣ ಬೆಳ್ಳಿ-ಚಿನ್ನದ ಕಾಳುಗಳನ್ನು ದ್ರಾಕ್ಷಿ ಗೊಂಚಲಿನಂತೆ ಬೆಸೆದಿರುತ್ತಾರೆ. ಅಮ್ಮನಿಗೆ ಊರಿನ ಅಕ್ಕಸಾಲಿಗರ ಕೆಲಸದ ಪರಿಚಯವಿದ್ದರೆ ಇಲ್ಲಿ ನಿಮಗಿಂತ ಹೆಚ್ಚು ಹೊತ್ತು ಅವರೇ ನಿಲ್ಲುತ್ತಾರೆ.

ನಡುಪಟ್ಟಿಯ ತುದಿಗೆ ಹಾಕುವ ಲೋಹದ ತುಣುಕುಗಳಲ್ಲಿ ಒಂದು ಮುಚ್ಚಿದ ಪುಸ್ತಕದ ಆಕಾರದ್ದು. ಇನ್ನೊಂದರ ಮೇಲೆ ಎರಡೂ ಕೈ ಮೇಲೆತ್ತಿ ಪ್ರಾರ್ಥಿಸುವ ಮನುಷ್ಯ. ಮಿಕುಲ್ಚಿತ್ಸೆಯ ಗೋರಿಗಳಲ್ಲಿ ಕತ್ತಿಗಳೂ ಸಿಕ್ಕಿವೆ. ಕತ್ತಿ ಬಹಳ ದುಬಾರಿ ವಸ್ತು, ಸಾಮಾನ್ಯ ಯೋಧನಿಗೆ ಕೊಡಲಿಯೇ ಆಯುಧ. ಚಿಕ್ಕ ಹುಡುಗರ ಗೋರಿಗಳಲ್ಲಿ ಹಿಮ್ಮಡಿ ಮುಳ್ಳು ಸಿಕ್ಕಿರುವುದು ಮನೆತನದ ಅಂತಸ್ತನ್ನು ಹೇಳುತ್ತದೆ. ಆ ವಯಸ್ಸಿನ ಮಗು ಕುದುರೆ ಓಡಿಸಿರಲಾರದು.

ಒಂದು ನಷ್ಟದ ಸಂಗತಿಯೂ ತಿಳಿದಿರಲಿ. 2007ರ ಸೆಪ್ಟೆಂಬರಿನಲ್ಲಿ ಇಲ್ಲಿನ ಸಂಶೋಧನಾ ನೆಲೆಗೆ ಬೆಂಕಿ ಬಿದ್ದು ಅಲ್ಲಿಟ್ಟಿದ್ದ ಬಹಳಷ್ಟು ವಸ್ತುಗಳು ಹಾಳಾದವು. ಅಂಥವುಗಳ ಬಗ್ಗೆ ಈಗ ಹಳೆಯ ರೇಖಾಚಿತ್ರ, ಫೋಟೋಗಳೇ ಆಧಾರ. ಆಮೇಲೆ ಹೊಸ ನೆಲೆ ಕಟ್ಟಿದ್ದಾರೆ.

ಸಿರಿಲ್, ಮೆಥೋಡಿಯಸ್ ಇಲ್ಲಿದ್ದರೇ?

ರಾಸ್ತಿಸ್ಲಾವ್ ಬೈಜಾಂಟಿಯಮ್ಮಿಗೆ ದೂತರನ್ನು ಕಳಿಸಿ, ಸ್ಲಾವರ ಮಾತಿನಲ್ಲೇ ಧರ್ಮ ಹೇಳುವವರನ್ನು ಕೇಳಿದ್ದು ನಿಜ. ಕೇಳಿದ್ದು ಅದೇ ಮೂರನೆಯ ಮಿಖಾಯಿಲನನ್ನು. ಥೆಸಲೊನಿಕಿಯ ಅಣ್ಣತಮ್ಮಂದಿರು ಮೊರಾವಿಯಾಕ್ಕೆ ಬಂದದ್ದು 863ರಲ್ಲಿ. ತಮ್ಮ ಕಾನ್‌ಸ್ಟಂಟೈನ್, ಸಾಯುವ ಮುಂಚೆ ಸನ್ಯಾಸ ತೆಗೆದುಕೊಂಡು ಸಿರಿಲ್ ಆದವನು, 869ರಲ್ಲಿ ರೋಮಿನಲ್ಲಿ ತೀರಿಕೊಂಡ. ಅಣ್ಣ ಮೆಥೋಡಿಯಸ್ ಮೊರಾವಿಯಾದ ಆರ್ಚ್‌ಬಿಷಪ್ ಆಗಿ 885ರಲ್ಲಿ ಸತ್ತ. ಅವರು ತಂದ ಲಿಪಿ ಗ್ಲಾಗೊಲಿತಿಕ್. ಇಂದು ರಷ್ಯನ್ ಬರೆಯುವ ಸಿರಿಲಿಕ್ ಲಿಪಿ ಅವರ ಶಿಷ್ಯಪರಂಪರೆಯದು, ಮೊರಾವಿಯಾದಿಂದ ಹೊರದಬ್ಬಿಸಿಕೊಂಡ ಮೇಲೆ ಬಲ್ಗೇರಿಯಾದಲ್ಲಿ ರೂಪುಗೊಂಡದ್ದು. ಎರಡನ್ನೂ ಒಂದೇ ಎಂದು ಹೇಳುವ ತಪ್ಪು ಪ್ರವಾಸದ ಕರಪತ್ರಗಳಲ್ಲೂ ನುಸುಳುತ್ತದೆ.

ಆದರೆ ಅವರು ಪಾಠ ಮಾಡಿದ್ದು ಮಿಕುಲ್ಚಿತ್ಸೆಯಲ್ಲೇ ಎನ್ನುವುದಕ್ಕೆ ಹೆಸರು ಹೇಳುವ ಶಾಸನವಾಗಲಿ ಬರಹವಾಗಲಿ ಸಿಕ್ಕಿಲ್ಲ. ಫುಲ್ಡಾ ಮಠದ ವಾರ್ಷಿಕ ದಾಖಲೆಯಲ್ಲಿ 869ರ ಕೆಳಗೆ ರಾಸ್ತಿಸ್ಲಾವನ ಕೋಟೆಯನ್ನು ಬಣ್ಣಿಸಲಾಗದ್ದು, ಹಿಂದಿನ ಯಾವುದಕ್ಕೂ ಹೋಲದ್ದು ಎಂದು ಬರೆದಿದ್ದಾರೆ. ಅದು ಈ ಕೋಟೆಯೇ ಇರಬಹುದು ಎಂದು ಹಲವರ ಊಹೆ. ಚರ್ಚುಗಳ ಸಂಖ್ಯೆ, ಚಿನ್ನ, ಅರಮನೆ, ಬರೆಯಲು ಬಳಸುವ ಕಬ್ಬಿಣದ ಕಂಟಗಳು, ಇವೆಲ್ಲ ರಾಜ-ಧರ್ಮಕೇಂದ್ರ ಇಲ್ಲಿತ್ತು ಎಂಬುದಕ್ಕೆ ಪೂರಕ. ಮೆಥೋಡಿಯಸನ ಗೋರಿ ಮಾತ್ರ ಎಲ್ಲೂ ಖಚಿತವಾಗಿ ಸಿಕ್ಕಿಲ್ಲ. ಉತ್ತರಕ್ಕೆ ಇರುವ ಸ್ತಾರೆ ಮ್ಯೆಸ್ತೊದಲ್ಲೂ ಮಹಾ ಮೊರಾವಿಯಾದ ದೊಡ್ಡ ಕೇಂದ್ರವಿತ್ತು, 1949ರಲ್ಲಿ ಕಲ್ಲಿನ ಚರ್ಚಿನ ಪಾಯ ಸಿಕ್ಕಿದ್ದು ಅಲ್ಲಿ. ಸಂತರ ವಿಷಯದಲ್ಲಿ ಎರಡೂ ಊರಿನವರ ಹಕ್ಕುಸಾಧನೆ ಜೋರಾಗಿಯೇ ಇದೆ. ಮಗಳಿಗೆ ಹೇಳುವಾಗ ‘ಇಲ್ಲಿ ನಡೆದಾಡಿರುವುದು ಬಹಳ ಸಂಭವ’ ಎನ್ನಿ, ಅದಕ್ಕಿಂತ ಮುಂದೆ ಹೋಗಬೇಡಿ.

ನದಿ ದಾಟಿ ಕೊಪ್ಚನಿಗೆ

ನಿಂತಿರುವ ಗೋಡೆ ನೋಡದೆ ಅಪ್ಪನಿಗೆ ಸಮಾಧಾನವಾಗದು ಎಂದಾದರೆ ಮೊರಾವಾ ದಾಟಿ. ಪಾದಚಾರಿ ಮತ್ತು ಸೈಕಲ್ಲಿಗೆಂದು ಕಟ್ಟಿರುವ ಕಾಲ್ಸೇತುವೆ ಇದೆ. ಮಿಕುಲ್ಚಿತ್ಸೆಯ ನೆಲೆಯಿಂದ ಸುಮಾರು 2 ಕಿ.ಮೀ. ದೂರದಲ್ಲಿ, ಸ್ಲೊವಾಕಿಯಾದ ಕೊಪ್ಚನಿ ಊರ ಹೊರಗಿನ ಬಯಲಿನಲ್ಲಿ ಅಂತಿಯೋಕ್ಯದ ಸಂತ ಮಾರ್ಗರೆಟಳ ಪುಟ್ಟ ಚರ್ಚಿದೆ. ಒಂದು ಪಡಸಾಲೆ, ಪೂರ್ವಕ್ಕೆ ಒಂದು ಚೌಕ ಕೋಣೆ, ಅಷ್ಟೇ. ದೀರ್ಘ ಕಾಲ ಇದನ್ನು ಎಷ್ಟೋ ಈಚಿನದೆಂದು ಎಣಿಸಿದ್ದರು. 1990ರ ದಶಕದ ಪರಿಶೀಲನೆಯಲ್ಲಿ ಗೋಡೆಗಳು ಮಹಾ ಮೊರಾವಿಯಾ ಕಾಲದವೆಂದು ಗೊತ್ತಾಯಿತು. 2004ರಲ್ಲಿ ಗೋಡೆಯ ಪಕ್ಕದ ಗೋರಿಗಳಲ್ಲಿ ಆ ಕಾಲದ ಒಡವೆ ಸಿಕ್ಕಿ ಅದು ಗಟ್ಟಿಯಾಯಿತು. ಬಾಗಿಲು ಹಾಕಿದ್ದರೂ ಪರವಾಗಿಲ್ಲ, ಸುತ್ತು ಹಾಕಿ ಕಿಟಕಿಗಳನ್ನು ನೋಡಿ: ಎತ್ತರದಲ್ಲಿರುವ ಸಣ್ಣ ಕಿಂಡಿಗಳಿಗೂ ಆಮೇಲೆ ಒಡೆದು ದೊಡ್ಡದು ಮಾಡಿದ ತೆರವುಗಳಿಗೂ ವ್ಯತ್ಯಾಸ ತಿಳಿಯುತ್ತದೆ. ಮಿಕುಲ್ಚಿತ್ಸೆಯ ಒಂಟಿ ಪಡಸಾಲೆಯ ಚರ್ಚುಗಳು ಎಷ್ಟು ಎತ್ತರವಿದ್ದಿರಬಹುದು ಎನ್ನುವುದಕ್ಕೆ ಇದೇ ಉತ್ತರ. ಹಾಗಾಗಿ ಪಾಯಗಳನ್ನು ನೋಡಿದ ಮೇಲೆ ಇಲ್ಲಿಗೆ ಬನ್ನಿ, ಮೊದಲೇ ಬಂದರೆ ಇದು ಬರೀ ಒಂದು ಹಳೇ ಚರ್ಚು. ಚೆಕೊಸ್ಲೊವಾಕಿಯಾದ ಮೊದಲ ಅಧ್ಯಕ್ಷ ಮಸಾರಿಕ್ ಅವರ ತಂದೆಯ ಊರು ಕೂಡ ಕೊಪ್ಚನಿ, ಮಸಾರಿಕ್ ಹುಟ್ಟಿದ್ದು ಈಚೆ ದಡದ ಹೊದೊನೀನಿನಲ್ಲಿ.

ಸೇತುವೆ ದಾಟುವುದೆಂದರೆ ದೇಶ ಬದಲಾಗುವುದು. ಎರಡೂ ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಒಕ್ಕೂಟ) ಒಳಗಿವೆ, ಆದ್ದರಿಂದ ಅಪ್ಪ-ಅಮ್ಮನ ಒಂದೇ ಪ್ರವೇಶದ ವೀಸಾ ಇದರಿಂದ ಮುಗಿದುಹೋಗುವುದಿಲ್ಲ. ಆದರೂ ಪಾಸ್‌ಪೋರ್ಟ್, ನಿಮ್ಮ ವಾಸದ ಕಾರ್ಡ್ ಜೊತೆಗಿರಲಿ. ಗಡಿಯಲ್ಲಿ ತಾತ್ಕಾಲಿಕ ತಪಾಸಣೆ ಹಾಕಿದ ಸಂದರ್ಭಗಳು ಇವೆ. ಆರೋಗ್ಯ ವಿಮೆ ಸ್ಲೊವಾಕಿಯಾದಲ್ಲೂ ನಡೆಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಹೋಗಿ ಬರುವ ಲೆಕ್ಕ

ಕಾರು ಇದ್ದರೆ ಬ್ರನೋದಿಂದ ಸುಮಾರು ಒಂದು ಗಂಟೆ. ಅಮ್ಮನ ಮಂಡಿಯನ್ನು ಗಮನಿಸಿದರೆ ಕಾರೇ ವಾಸಿ, ನೆಲೆಯ ಬಳಿವರೆಗೂ ಹೋಗಬಹುದು. ರೈಲಾದರೆ ಹೊದೊನೀನ್‌ವರೆಗೆ ಬಂದು ಬಸ್ಸು ಹಿಡಿಯಬೇಕು, ಊರಿನಿಂದ ಉಳಿದ 3 ಕಿ.ಮೀ. ಕಾಲ್ನಡಿಗೆ. ದಕ್ಷಿಣ ಮೊರಾವಿಯಾದ ಐಡಿಎಸ್ ಜೆಎಂಕೆ ವ್ಯವಸ್ಥೆಯಲ್ಲಿ ಒಂದೇ ಟಿಕೆಟ್ ರೈಲು, ಬಸ್ಸು ಎರಡಕ್ಕೂ ನಡೆಯುತ್ತದೆ. ಟಿಕೆಟ್ ವಲಯ ಮತ್ತು ಅವಧಿಯ ಲೆಕ್ಕದ್ದು, ಅವಧಿ ಮೀರದಂತೆ ನೋಡಿಕೊಳ್ಳಿ. ವಾರಾಂತ್ಯಕ್ಕೆ ಹಳ್ಳಿಯ ಬಸ್ಸುಗಳು ಕಡಿಮೆ, ವಾಪಸು ಬಸ್ಸಿನ ಹೊತ್ತು ನೋಡಿಕೊಂಡೇ ಇಳಿಯಿರಿ. ನೀವೂ ಮಗಳೂ ಮಾತ್ರ ಹೋಗುವುದಾದರೆ ಹೊದೊನೀನಿನಿಂದ ಸೈಕಲ್ ಎಲ್ಲಕ್ಕಿಂತ ಒಳ್ಳೆಯದು, ದಾರಿಯೆಲ್ಲ ಸಮತಟ್ಟು.

ಸೋಮವಾರ ಬಿಟ್ಟುಬಿಡಿ. ಚೆಕ್ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಅಂದು ಮುಚ್ಚಿರುತ್ತವೆ. ಚಳಿಗಾಲದಲ್ಲಿ ಸಮಯ ಬದಲಾಗುವುದರಿಂದ ಹೊರಡುವ ಹಿಂದಿನ ದಿನ ಸಂಗ್ರಹಾಲಯದ ಜಾಲತಾಣ ನೋಡಿ. ಒಳ್ಳೆಯ ಕಾಲ ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್. ಬೇಸಿಗೆಯಲ್ಲಿ ನೆರೆ ಬಂದು ಇಳಿದ ಮುಂದಿನ ವಾರಗಳಲ್ಲಂತೂ ಹೋಗಲೇಬೇಡಿ: ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟಿ ಕಾಡಿನಂಚಿನಲ್ಲಿ ಐದು ನಿಮಿಷ ನಿಲ್ಲಲು ಬಿಡುವುದಿಲ್ಲ. ನದಿ ತುಂಬಿದಾಗ ಸೇತುವೆ ಕಡೆಯ ದಾರಿಯೂ ಕೆಸರು. ನೆಲೆಗೆ ಮೂರು ಗಂಟೆ, ಕೊಪ್ಚನಿಗೆ ಹೋಗಿಬರಲು ಇನ್ನೆರಡು ಗಂಟೆ ಇಟ್ಟುಕೊಳ್ಳಿ. ಅಮ್ಮನಿಗೆ ಮಂಟಪ, ಪ್ರದರ್ಶನ, ಮೂರನೆಯ ಚರ್ಚು ಇಷ್ಟು ಸಾಕು. ಅವರನ್ನು ಕಾರಿನಲ್ಲೇ ಕೊಪ್ಚನಿಗೆ ಕರೆದೊಯ್ಯುವ ಯೋಚನೆ ಇದ್ದರೆ ಹೊದೊನೀನ್ ಮೂಲಕ ಸುತ್ತಿ ಹೋಗಬೇಕು, ಸ್ಲೊವಾಕಿಯಾದ ಹೆದ್ದಾರಿಗೆ ಬೇರೆ ರಸ್ತೆಶುಲ್ಕವಿದೆ ಎಂಬುದು ನೆನಪಿರಲಿ. ಬುತ್ತಿ ಕಟ್ಟಿಕೊಂಡು ಹೋಗಿ. ಸುತ್ತಲಿನ ಹೋಟೆಲುಗಳಲ್ಲಿ ಸಸ್ಯಾಹಾರವೆಂದರೆ ಹೆಚ್ಚಾಗಿ ಕರಿದ ಚೀಸ್ ಮತ್ತು ಆಲೂಗಡ್ಡೆ.

ಸೊಳ್ಳೆಗಿಂತ ಉಣ್ಣೆಹುಳುವಿನ ವಿಷಯದಲ್ಲಿ ಎಚ್ಚರ ಹೆಚ್ಚಿರಲಿ. ಎತ್ತರದ ಹುಲ್ಲಿನಿಂದ ಹತ್ತುತ್ತದೆ. ಉದ್ದ ಪ್ಯಾಂಟು, ಅದರ ತುದಿ ಸಾಕ್ಸಿನೊಳಗೆ. ಮನೆಗೆ ಬಂದ ಮೇಲೆ ಮಂಡಿಯ ಹಿಂಭಾಗ, ಕಂಕುಳು, ತೊಡೆಸಂದು, ಮಗಳ ಕೂದಲಂಚು ಎಲ್ಲ ಪರೀಕ್ಷಿಸಿ. ಕಚ್ಚಿದ್ದರೆ ಎಣ್ಣೆ ಹಚ್ಚಬೇಡಿ, ಸುಡಬೇಡಿ. ಸಣ್ಣ ಚಿಮಟದಿಂದ ಚರ್ಮದ ಹತ್ತಿರಕ್ಕೆ ಹಿಡಿದು ನೇರವಾಗಿ ನಿಧಾನಕ್ಕೆ ಎಳೆಯಿರಿ. ಮುಂದಿನ ವಾರಗಳಲ್ಲಿ ಆ ಜಾಗದಲ್ಲಿ ಕೆಂಪು ಹರಡಿದರೆ ಅಥವಾ ಜ್ವರ ಬಂದರೆ ವೈದ್ಯರಿಗೆ ತೋರಿಸಿ, ಕಚ್ಚಿದ ದಿನಾಂಕ ಹೇಳಿ. ಉಣ್ಣೆ ಹರಡುವ ಲೈಮ್ ರೋಗಕ್ಕೆ ಔಷಧವಿದೆ. ಅದೇ ಹುಳು ಹರಡುವ ಮಿದುಳುಜ್ವರಕ್ಕೆ ಇರುವುದು ಲಸಿಕೆ, ಬ್ರನೋದಲ್ಲಿ ನೆಲೆಸಿರುವವರು ಹಾಕಿಸಿಕೊಳ್ಳುವುದು ಒಳ್ಳೆಯದು.

ಹೆಗ್ಗಣ ತೋಡಿದ ಮಣ್ಣಿನಲ್ಲೋ ಕಾಲುದಾರಿಯಲ್ಲೋ ಅಲೆಗೆರೆ ಕೊರೆದ ಮಡಕೆ ಚೂರು ಕಂಡರೆ ಮಗಳು ಜೇಬಿಗಿಳಿಸದಂತೆ ನೋಡಿಕೊಳ್ಳಿ. 1987ರ ಚೆಕ್ ಸ್ಮಾರಕ ಕಾನೂನಿನ ಪ್ರಕಾರ ಪುರಾತನ ವಸ್ತು ಸಿಕ್ಕರೆ ಮರುದಿನದೊಳಗೆ ಪುರಾತತ್ವ ಸಂಸ್ಥೆಗೋ ಹತ್ತಿರದ ಸಂಗ್ರಹಾಲಯಕ್ಕೋ ತಿಳಿಸಬೇಕು. ಇದ್ದಲ್ಲೇ ಬಿಟ್ಟು, ಫೋಟೋ ತೆಗೆದು, ಸಿಬ್ಬಂದಿಗೆ ತೋರಿಸಿ. ಚೂರಿನ ಬೆಲೆ ಇರುವುದು ಅದು ಬಿದ್ದಿರುವ ಜಾಗದಲ್ಲಿ.

ಇದೆಲ್ಲ ಹಿಡಿಸಿದರೆ ಮುಂದಿನ ಸಲ ಬ್ರೆತ್ಸ್ಲಾವ್ ಬಳಿಯ ಪೊಹಾನ್ಸ್ಕೊಗೆ ಹೋಗಿ. 28 ಹೆಕ್ಟೇರಿನ ಕೋಟೆ, ಸುಮಾರು 2 ಕಿ.ಮೀ. ಸುತ್ತಳತೆಯ ದಿಣ್ಣೆ, ನಡುವೆ ಲಿಖ್ಟೆನ್‌ಸ್ಟೈನ್ ಮನೆತನದವರ ಬೇಟೆಮನೆಯಲ್ಲಿ ಸಂಗ್ರಹಾಲಯ. ಬ್ರನೋದ ಮಸಾರಿಕ್ ವಿಶ್ವವಿದ್ಯಾಲಯದವರು ದಶಕಗಳಿಂದ ಅಗೆಯುತ್ತಿರುವ ಜಾಗ, ಕೋಟೆದಿಣ್ಣೆಯನ್ನು ಓದುವುದಕ್ಕೆ ಮಿಕುಲ್ಚಿತ್ಸೆಗಿಂತ ಸುಲಭ. ಅಪ್ಪ-ಅಮ್ಮನನ್ನು ಪ್ರಾಗ್‌ಗೆ ಕರೆದೊಯ್ಯುವವರಿದ್ದರೆ ಅಲ್ಲಿ ಅರ್ಧ ದಿನ ಉಳಿಸಿಕೊಂಡು ವಾಯವ್ಯದ ಬುಡೆಚ್ ಗುಡ್ಡ ಹತ್ತಿಸಿ. ಅಲ್ಲಿನ ಸಂತ ಪೀಟರ್-ಪಾಲ್ ವರ್ತುಲ ಚರ್ಚಿನ ಗೋಡೆ ಬೊಹೀಮಿಯಾದ ದೊರೆ ಮೊದಲನೆಯ ಸ್ಪಿತಿಹ್ನ್ಯೆಫ್ ಕಟ್ಟಿಸಿದ್ದು, ಅಂದರೆ 915ಕ್ಕಿಂತ ಮುಂಚಿನದು, ಇಂದಿಗೂ ನಿಂತಿದೆ. ಏರು ಸ್ವಲ್ಪ ಇದೆ, ಅಮ್ಮನ ಮಂಡಿ ನೋಡಿಕೊಂಡು ನಿರ್ಧರಿಸಿ.